ಮಳೆಗಾಲಕ್ಕೆ ಎಸಿ ಔಟ್‌ಡೋರ್ ಯೂನಿಟ್ ಮುಚ್ಚಬೇಕಾ?

ನೀವು ಎರಡು ವಿಷಯ ಕೇಳಿದ್ದೀರಿ. ತೀರ್ಥಹಳ್ಳಿ ಮಳೆಗೆ ಔಟ್‌ಡೋರ್ ಮುಚ್ಚಬೇಕಾ, ಮತ್ತು ಈ ಬೇಸಿಗೆಯಲ್ಲಿ ಮೊದಲಿನಷ್ಟು ತಂಪು ಯಾಕೆ ಬರುತ್ತಿಲ್ಲ ಅಂತ.

ಮುಚ್ಚಬೇಡಿ. ಮುಚ್ಚಿ ಕೆಟ್ಟವನು ನಾನು.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಮೇ ಕೊನೆ ಬಂತೆಂದರೆ ಏನನ್ನಾದರೂ ಮುಚ್ಚದೆ ನಮಗೆ ಸಮಾಧಾನವಿಲ್ಲ, ಅಲ್ವಾ? ಸೌದೆ ಮುಚ್ಚಿದ ಕೈಯಲ್ಲೇ ಔಟ್‌ಡೋರ್‌ಗೂ ಟಾರ್ಪಾಲ್ ಸುತ್ತಿ ಹಗ್ಗ ಬಿಗಿದೆ. ಮಾರ್ಚ್‌ನಲ್ಲಿ ಬಿಚ್ಚಿದರೆ ಒಳಗೆ ಇಲಿ ಸಂಸಾರ! ಪೈಪಿಗೆ ಸುತ್ತಿದ್ದ ಕಪ್ಪು ಫೋಮ್ ಚೂರುಚೂರು. ತೇವ ಆರದೆ ತಗಡಿಗೂ ತುಕ್ಕು. ಬರೀ ಮಳೆ ಬಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಔಟ್‌ಡೋರ್ ಯೂನಿಟ್ ಮಾಡಿರುವುದೇ ಮಳೆಯಲ್ಲಿ ನಿಲ್ಲುವುದಕ್ಕೆ.

ಅದಕ್ಕೆ ಬೇಕಾದದ್ದು ಗಾಳಿ. ಕೋಣೆಯ ಸೆಕೆಯನ್ನು ಹೊರಗೆ ತಂದು ಸುರಿಯುವುದು ಅದರ ಕೆಲಸ. ಹಿಂದಿನಿಂದ, ಪಕ್ಕದಿಂದ ಗಾಳಿ ಎಳೆದು ಕಾಯಿಲ್, ಅಂದರೆ ಬಿಸಿ ಗ್ಯಾಸ್ ಹರಿಯುವ ಕೊಳವೆಗಳ ಜಾಲ, ಅದರ ಮೂಲಕ ಮುಂದಕ್ಕೆ ಊದುತ್ತದೆ. ಆ ದಾರಿ ಕಟ್ಟಿದರೆ ಕಂಪ್ರೆಸರ್ ಸುಮ್ನೆ ಏದುಸಿರು ಬಿಡುತ್ತದೆ. ತಂಪು ಕಡಿಮೆ, ಬಿಲ್ ಜಾಸ್ತಿ.

ನಿಮ್ಮ ತಂಪು ಹೋಗಿದ್ದೂ ಹೀಗೇ ಇರಬಹುದು. ಟಾರ್ಚ್ ಹಿಡಿದು ಯೂನಿಟ್ಟಿನ ಬೆನ್ನು ನೋಡಿ. ಹತ್ತಿರ ಅಡಿಕೆ ಸುಲಿಯುತ್ತಿದ್ದರೆ ಸಿಪ್ಪೆಯ ಧೂಳು ಅಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ತೊಳೆಯುವ ಮೊದಲು ರಿಮೋಟ್ ಆಫ್ ಮಾಡಿದರೆ ಸಾಲದು, ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಒಣ ಧೂಳನ್ನು ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ತೆಗೆದು, ತೋಟದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಿ. ವೈರ್ ಬರುವ ಮೂಲೆಗೆ ನೀರು ಬೇಡ. ಕಾರು ತೊಳೆಯುವ ಪ್ರೆಷರ್ ಗನ್ ಅಂತೂ ಬೇಡವೇ ಬೇಡ. ಕಾಯಿಲ್‌ನ ತೆಳು ಅಲ್ಯೂಮಿನಿಯಂ ಪದರಗಳು ಕಾಗದದ ಹಾಗೆ ಮಡಚಿ, ಗಾಳಿಯ ದಾರಿಯನ್ನು ನೀವೇ ಮುಚ್ಚಿದ ಹಾಗಾಗುತ್ತದೆ. ಗೋಡೆಗೆ ಹಬ್ಬಿದ ಮೆಣಸಿನ ಬಳ್ಳಿ ಯೂನಿಟ್ ತಬ್ಬಿಕೊಂಡಿದ್ದರೆ ಅದನ್ನೂ ಸರಿಸಿ. ಎತ್ತರದ ಗೋಡೆಯಾದರೆ ಏಣಿ ಹತ್ತುವ ಸಾಹಸ ಬೇಡ, ಮೆಕ್ಯಾನಿಕ್ ಕರೆಸಿ.

ಮೆಕ್ಯಾನಿಕ್ ಅಂದಾಗ ನೆನಪಾಯಿತು. ಒಬ್ಬ ಪ್ರತಿ ಬೇಸಿಗೆ ಬಂದು "ಗ್ಯಾಸ್ ಖಾಲಿ ಸಾರ್" ಎಂದು ತುಂಬಿಸಿ ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಎಸಿ ಗ್ಯಾಸ್ ಸ್ಕೂಟರ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ತುಂಬಿಸಿದರೆ ದುಡ್ಡೂ ಅದೇ ದಾರಿ ಹಿಡಿಯುತ್ತದೆ.

ಇಷ್ಟಾಗಿಯೂ ಏನಾದರೂ ಮುಚ್ಚಲೇಬೇಕು ಅನ್ನಿಸಿದರೆ, ಸೂರಿನ ನೀರು ನೇರ ಬೀಳದ ಹಾಗೆ ಮೇಲೆ ಒಂದು ತಗಡು ಹಾಕಿಸಿ. ಯೂನಿಟ್ಟಿಗೂ ತಗಡಿಗೂ ನಡುವೆ ಒಂದೆರಡು ಅಡಿ ಜಾಗ ಇರಲಿ. ಮುಂದೆ, ಪಕ್ಕ ಎಲ್ಲ ಬಯಲು. ಬಿಸಿಲಿಗೂ ಅದೇ ನೆರಳಾಗುತ್ತದೆ. ಎಸಿ ಬೇಡವಾದ ತಿಂಗಳುಗಳಲ್ಲಿ ಎಂಸಿಬಿ ಇಳಿಸಿಯೇ ಇಡಿ. ನಮ್ಮ ಕಡೆಯ ಸಿಡಿಲು ನಿಮಗೆ ಗೊತ್ತೇ ಇದೆ.