ಓದುಗರ ಪ್ರಶ್ನೆ: ರಿಚ್ಮಂಡ್‌ನ ಯುದ್ಧಕಾಲದ ಹಡಗುಕಟ್ಟೆ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಐದು ದಿನ ತುಂಬುವುದರೊಳಗೆ ಒಂದು ಸರಕು ಹಡಗನ್ನು ಕಟ್ಟಿದರಂತೆ. ನಿಜವೇ?

ಉತ್ತರ: ನಿಜ. ಹಡಗಿನ ಹೆಸರು ರಾಬರ್ಟ್ ಇ. ಪಿಯರಿ. ಉದ್ಯಮಿ ಹೆನ್ರಿ ಕೈಸರ್ ಅವರ ಎರಡನೇ ನಂಬರಿನ ಯಾರ್ಡಿನಲ್ಲಿ 1942ರ ನವೆಂಬರ್ 8ರಂದು ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟು 12ರಂದು ನೀರಿಗಿಳಿಸಿದರು. ಹಿಡಿದದ್ದು 4 ದಿನ 15 ಗಂಟೆ 29 ನಿಮಿಷ. ಆದರೆ ಈ ಲೆಕ್ಕ ಶುರುವಾಗುವುದು ಕೀಲ್ ಇಟ್ಟ ಗಳಿಗೆಯಿಂದ. ತಳದ ಭಾಗಗಳು, ಅಡ್ಡಗೋಡೆಗಳು, ಡೆಕ್ಕಿನ ಮೇಲಿನ ಕೋಣೆಗಳು ದೊಡ್ಡ ದೊಡ್ಡ ತುಂಡುಗಳಾಗಿ ಅದಕ್ಕೆ ಮೊದಲೇ ತಯಾರಾಗಿದ್ದವು. ಕ್ರೇನ್ ಎತ್ತಿಕೊಟ್ಟದ್ದನ್ನು ಕೂಡಿಸುವುದಷ್ಟೇ ಉಳಿದಿತ್ತು. ದಾಖಲೆಗಾಗಿಯೇ ನಡೆದ ಪ್ರಯತ್ನವಿದು. ದಿನನಿತ್ಯದ ವೇಗ ಇದಲ್ಲ, ಪಿಯರಿಯಂಥ ಲಿಬರ್ಟಿ ಹಡಗುಗಳಿಗೆ, ಅಂದರೆ ಯುದ್ಧಕ್ಕಾಗಿ ಒಂದೇ ಮಾದರಿಯಲ್ಲಿ ಕಟ್ಟಿದ ಸರಕು ಹಡಗುಗಳಿಗೆ, ಸಾಮಾನ್ಯವಾಗಿ ವಾರಗಟ್ಟಲೆ ಹಿಡಿಯುತ್ತಿತ್ತು.

ವೇಗದ ನಿಜವಾದ ಗುಟ್ಟು ಇರುವುದು ತುಂಡುಗಳನ್ನು ಮಗುಚುವುದರಲ್ಲಿ. ತಲೆಯ ಮೇಲಿರುವ ಸಂದಿಗೆ ವೆಲ್ಡಿಂಗ್ ಮಾಡುವಾಗ ಕರಗಿದ ಲೋಹ ಕೆಳಕ್ಕೆ ತೊಟ್ಟಿಕ್ಕುತ್ತದೆ, ಅದಕ್ಕೆ ಪಳಗಿದ ಕೈ ಬೇಕು. ಅದೇ ತುಂಡನ್ನು ನೆಲದ ಮೇಲೆ ಮಗುಚಿ ಹಾಕಿದರೆ ಸಂದಿ ಕೆಳಗಿರುತ್ತದೆ, ಲೋಹ ತಾನಾಗಿಯೇ ಅಲ್ಲಿ ಕೂರುತ್ತದೆ. ಹೊಸದಾಗಿ ಕೆಲಸ ಕಲಿತವರಿಗೂ ಇದು ಸಾಧ್ಯ. ಹಳೆಯ ಪದ್ಧತಿಯಂತೆ ತಗಡುಗಳನ್ನು ಕೂಡಿಸುವ ರಿವೆಟ್ (ಕಾಯಿಸಿ ಬಡಿಯುವ ಮೊಳೆ) ಹೊಡೆಯಲು ಕಾಯಿಸುವವರು, ಹಿಡಿಯುವವರು, ಬಡಿಯುವವರು ಎಂದು ಒಂದು ತಂಡವೇ ಬೇಕು. ವೆಲ್ಡಿಂಗಿಗೆ ಒಬ್ಬರು ಸಾಕು. ಹಡಗುಕಟ್ಟೆಯನ್ನೇ ಕಾಣದಿದ್ದ ಸಾವಿರಾರು ಹೆಂಗಸರು, ಗಂಡಸರು ಸೇರಿ ರಿಚ್ಮಂಡ್‌ನ ನಾಲ್ಕು ಯಾರ್ಡುಗಳಲ್ಲಿ 747 ಹಡಗು ಕಟ್ಟಿದ್ದರ ಹಿಂದೆ ಈ ಏರ್ಪಾಡಿತ್ತು.

ಪ್ರಶ್ನೆ: ಹೀಗೆ ಅವಸರದಲ್ಲಿ ಕಟ್ಟಿದ್ದಕ್ಕೇ ಲಿಬರ್ಟಿ ಹಡಗುಗಳು ಬಿರುಕು ಬಿಟ್ಟವೇ?

ಉತ್ತರ: ತಪ್ಪನ್ನೆಲ್ಲ ವೆಲ್ಡರುಗಳ ತಲೆಗೆ ಕಟ್ಟುವುದು ಅನ್ಯಾಯ. ಕಳಪೆ ವೆಲ್ಡಿಂಗ್ ಇತ್ತು, ಆದರೆ ಮುಖ್ಯ ಕಾರಣ ಉಕ್ಕು. ಆಗಿನ ಉಕ್ಕಿನಲ್ಲಿ ಗಂಧಕ, ರಂಜಕ ಹೆಚ್ಚು. ಬೆಚ್ಚಗಿದ್ದಾಗ ಬಾಗುವ ತಗಡು ಒಂದು ಮಟ್ಟಕ್ಕಿಂತ ತಣ್ಣಗಾದರೆ ಗಾಜಿನಂತೆ ಒಡೆಯುತ್ತಿತ್ತು. ಕೇಂಬ್ರಿಡ್ಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಅವರ ಪರೀಕ್ಷೆಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು.

ಎರಡನೆಯದು ವಿನ್ಯಾಸ. ಸರಕು ಇಳಿಸಲು ಡೆಕ್ಕಿನಲ್ಲಿ ಬಿಟ್ಟ ಬಾಯಿ, ಅಂದರೆ ಹ್ಯಾಚಿನ ಮೂಲೆಗಳು ಚೌಕವಾಗಿದ್ದವು. ಅಲೆಯ ಮೇಲೆ ಹಡಗು ಬಾಗಿದಾಗ ಎಳೆತವೆಲ್ಲ ಆ ಮೂಲೆಗೇ ಬಂದು ಸೇರುತ್ತದೆ. ಅಲ್ಲೇ ಒಂದು ವೆಲ್ಡಿಂಗ್ ಸಂದಿಯೂ ಇದ್ದರೆ ಬಿರುಕು ಹುಟ್ಟಲು ಹೇಳಿ ಮಾಡಿಸಿದ ಜಾಗ. ರಿವೆಟ್ ಹಡಗಿನಲ್ಲಿ ಬಿರುಕು ಸಾಮಾನ್ಯವಾಗಿ ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ವೆಲ್ಡ್ ಮಾಡಿದ ಒಡಲು ಒಂದೇ ಹಾಳೆ, ಬಿರುಕಿಗೆ ಅಡ್ಡಿಯೇ ಇಲ್ಲ. ಕೈಸರ್ ಅವರದೇ ಇನ್ನೊಂದು ಯಾರ್ಡಿನ ಟ್ಯಾಂಕರ್ ಸ್ಕೆನೆಕ್ಟಡಿ 1943ರ ಜನವರಿ 16ರಂದು ಪೋರ್ಟ್‌ಲೆಂಡ್‌ನಲ್ಲಿ, ಚಳಿಯ ರಾತ್ರಿ, ನಿಶ್ಚಲ ನೀರಿನಲ್ಲಿ ನಿಂತಿದ್ದಾಗಲೇ ಹೆಚ್ಚುಕಡಿಮೆ ಎರಡಾಗಿ ಸೀಳಿತು. ಅದನ್ನು ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಬಿಟ್ಟರು.

ಪ್ರಶ್ನೆ: ಬಿರುಕನ್ನು ಸರಿಪಡಿಸುವುದು ಹೇಗೆ? ಮೇಲೆ ವೆಲ್ಡ್ ಮಾಡಿದರೆ ಸಾಲದೇ?

ಉತ್ತರ: ಸಾಲದು. ಮೊದಲು ಬಿರುಕಿನ ತುದಿ ಎಲ್ಲಿದೆಯೆಂದು ಸರಿಯಾಗಿ ಹುಡುಕಿ ಅಲ್ಲಿ ದುಂಡನೆಯ ತೂತು ಕೊರೆಯಬೇಕು. ಕಣ್ಣಿಗೆ ಕಾಣುವ ತುದಿಯನ್ನು ನಂಬಿ ತೂತು ಹಾಕಿದರೆ ಕೂದಲೆಳೆಯಷ್ಟು ಬಿರುಕು ಆಚೆ ಉಳಿದು ಮತ್ತೆ ಓಡುತ್ತದೆ. ಆಮೇಲೆ ಬಿರುಕನ್ನು ಪೂರ್ತಿ ಕೆತ್ತಿ ತೆಗೆದು ಅಂಚುಗಳನ್ನು ಓರೆ ಮಾಡಿ ವೆಲ್ಡ್ ತುಂಬಬೇಕು. ತಗಡೇ ಹಾಳಾಗಿದ್ದರೆ ಆ ಭಾಗ ಕತ್ತರಿಸಿ ಹೊಸದು ಹಾಕಬೇಕು. ಹೊಸ ತಗಡಿನ ಮೂಲೆಗಳು ದುಂಡಗಿರಲಿ. ನಾಲ್ಕೂ ಬದಿಯನ್ನು ಮೊದಲೇ ಬಿಗಿಮಾಡಿಬಿಟ್ಟರೆ ತಣಿಯುವ ವೆಲ್ಡ್ ಕುಗ್ಗಲು ಜಾಗವಿಲ್ಲದೆ ಒಳಗೇ ಎಳೆತ ಉಳಿಯುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ ಸಾಗಬೇಕು.

ಯುದ್ಧಕಾಲದಲ್ಲಿ ಲಿಬರ್ಟಿ ಹಡಗುಗಳಿಗೆ ಇದರ ಜೊತೆ ಇನ್ನೆರಡು ಕೆಲಸ ಮಾಡಿದರು. ಹ್ಯಾಚಿನ ಮೂಲೆಗಳನ್ನು ದುಂಡಗೆ ಮಾಡಿ ಬಲಪಡಿಸಿದರು. ಡೆಕ್ಕಿನಲ್ಲಿ ಉದ್ದಕ್ಕೆ ಸೀಳು ಕೊರೆದು ಅದರ ಮೇಲೆ ಉಕ್ಕಿನ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದರು. ಅಡ್ಡಕ್ಕೆ ಓಡಿಬರುವ ಬಿರುಕು ಆ ಸೀಳಿಗೆ ಬಂದು ನಿಲ್ಲುತ್ತದೆ, ಭಾರವನ್ನು ಪಟ್ಟಿ ಹೊರುತ್ತದೆ. ಲಿಬರ್ಟಿಯ ನಂತರ ಬಂದ ವಿಕ್ಟರಿ ಮಾದರಿಯ ಸರಕು ಹಡಗುಗಳಲ್ಲಿ ಪಕ್ಕೆಲುಬುಗಳ (ಒಡಲನ್ನು ಹಿಡಿದಿಡುವ ಚೌಕಟ್ಟುಗಳ) ನಡುವಿನ ಅಂತರವನ್ನು 30 ಅಂಗುಲದಿಂದ 36ಕ್ಕೆ ಹೆಚ್ಚಿಸಿ ಒಡಲಿನ ಬಿಗುವು ಕಡಿಮೆ ಮಾಡಿದರು.

ಪ್ರಶ್ನೆ: ಈಗ ಅಲ್ಲಿ ನೋಡಲು ಏನಿದೆ?

ಉತ್ತರ: ಮೂರನೇ ಯಾರ್ಡಿನಲ್ಲಿ ಹಡಗು ಕಟ್ಟುತ್ತಿದ್ದ ಐದು ಡಾಕ್‌ಗಳು (ದೊಡ್ಡ ಹೊಂಡಗಳು) ಉಳಿದಿವೆ. ಇಲ್ಲಿ ಹಡಗನ್ನು ಇಳಿಜಾರಿನಿಂದ ನೀರಿಗೆ ಜಾರಿಸುತ್ತಿರಲಿಲ್ಲ, ನೀರು ತುಂಬಿಸಿ ತೇಲಿಸುತ್ತಿದ್ದರು. ರಿಚ್ಮಂಡ್‌ನಲ್ಲೇ ಕಟ್ಟಿ 1944ರ ನವೆಂಬರ್‌ನಲ್ಲಿ ನೀರಿಗಿಳಿಸಿದ ವಿಕ್ಟರಿ ಹಡಗು ರೆಡ್ ಓಕ್ ವಿಕ್ಟರಿ ಅದೇ ಊರಿನಲ್ಲಿ ಮ್ಯೂಸಿಯಂ ಆಗಿದೆ.