ನೋಂದಣಿ ಯಾರದು: ಕಚೇರಿಯದೋ, ಆರೈಕೆ ಮಾಡುವವರದೋ?

ಈ ಬಾರಿ ಬಂದ ಪತ್ರಗಳಲ್ಲಿ ವೃದ್ಧರನ್ನೂ ಮಕ್ಕಳನ್ನೂ ನೋಡಿಕೊಳ್ಳುವವರ ಅರ್ಹತೆ ಮತ್ತು ನೋಂದಣಿಯನ್ನು ಕುರಿತವೇ ಹೆಚ್ಚಾಗಿದ್ದವು. ಅವುಗಳಲ್ಲಿ ನಾಲ್ಕನ್ನು ಆರಿಸಿ ಉತ್ತರಿಸಿದ್ದೇವೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿ ಮನೆ. ಎಂಬತ್ತೆರಡು ವರ್ಷದ ಅಮ್ಮ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ನಾನೂ ತಮ್ಮನೂ ಬೆಂಗಳೂರಿನಲ್ಲಿದ್ದೇವೆ. ಏಜೆನ್ಸಿಯೊಂದು ಕಳುಹಿಸಿದ ಹೋಂ ನರ್ಸ್ ಎರಡು ತಿಂಗಳಿಂದ ಮನೆಯಲ್ಲಿದ್ದು, ಇನ್ಸುಲಿನ್ ಚುಚ್ಚುವುದೂ ಅವರೇ. ಅವರ ಪ್ರಮಾಣಪತ್ರ ಕೇಳಿದರೆ, ಏಜೆನ್ಸಿಯವರು ‘ನಾವು ಗವರ್ನಮೆಂಟ್ ರಿಜಿಸ್ಟರ್ಡ್’ ಎಂದು ತಮ್ಮದೇ ಕಾಗದದ ಫೋಟೋ ಕಳುಹಿಸಿದರು. ಇದು ಸಾಕೇ?

ಉತ್ತರ: ಸಾಲದು. ಆ ಕಾಗದದ ತಲೆಬರಹವನ್ನು ಒಮ್ಮೆ ಓದಿ ನೋಡಿ. ಸಾಮಾನ್ಯವಾಗಿ ಅದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ನೋಂದಣಿಯಾಗಿರುತ್ತದೆ, ಇಲ್ಲವೇ ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿಯಾಗಿರುತ್ತದೆ. ಇಂತಹ ವಿಳಾಸದಲ್ಲಿ ಇಂತಹ ವ್ಯವಹಾರ ನಡೆಯುತ್ತಿದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಜೆರಾಕ್ಸ್ ಅಂಗಡಿಗೂ ಅದೇ ಕಾಗದ ಸಿಗುತ್ತದೆ. ನಿಮ್ಮ ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿರುವ ವ್ಯಕ್ತಿ ಯಾರು, ಏನು ಕಲಿತಿದ್ದಾರೆ ಎಂಬುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ.

‘ನರ್ಸ್’ ಎಂಬ ಮಾತಿಗೆ ಕಾನೂನಿನಲ್ಲಿ ಖಚಿತವಾದ ಅರ್ಥವಿದೆ. ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ಆ ವೃತ್ತಿಯವರು. ಅವರ ಬಳಿ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆ ಇರುತ್ತದೆ. ಆದರೆ ನಮ್ಮ ಕಡೆ ‘ಹೋಂ ನರ್ಸ್’ ಎಂದು ಕರೆಸಿಕೊಳ್ಳುವ ಬಹುಪಾಲು ಹೆಣ್ಣುಮಕ್ಕಳು ನರ್ಸಿಂಗ್ ಓದಿದವರಲ್ಲ. ಅವರಲ್ಲಿ ಕೆಲವರು ಕೌಶಲ ಅಭಿವೃದ್ಧಿ ಯೋಜನೆಯಲ್ಲಿ ‘ಹೋಂ ಹೆಲ್ತ್ ಏಡ್’ ತರಬೇತಿ ಪಡೆದಿರುತ್ತಾರೆ. ಅದು ಒಳ್ಳೆಯ ತರಬೇತಿಯೇ, ಆದರೆ ಕೈಗೆ ಬರುವುದು ಕಲಿತದ್ದಕ್ಕೆ ಪ್ರಮಾಣಪತ್ರ, ವೃತ್ತಿಯ ನೋಂದಣಿಯಲ್ಲ. ಉಳಿದವರು ಮೊದಲಿನ ಮನೆಯಲ್ಲಿ ಕಲಿತದ್ದನ್ನೇ ಮುಂದಿನ ಮನೆಯಲ್ಲಿ ಮಾಡುವವರು. ಇದನ್ನು ಅವರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಬೆನ್ನುಹುಣ್ಣು ಬಾರದಂತೆ ನೋಡಿಕೊಂಡದ್ದು ಇಂತಹವರ ಕೈಯೇ. ಹೆಸರು ಮಾತ್ರ ತಪ್ಪು, ಆ ಹೆಸರಿಗೆ ಏಜೆನ್ಸಿಯವರು ಪಡೆಯುವ ದರವೂ ತಪ್ಪು.

ಪ್ರಮಾಣಪತ್ರಕ್ಕೂ ನೋಂದಣಿಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಮಾಣಪತ್ರ ಒಮ್ಮೆ ಕೈಗೆ ಬಂದರೆ ಬಂತು. ನೋಂದಣಿ ಪುಸ್ತಕದಲ್ಲಿರುವ ಹೆಸರನ್ನಾದರೋ ತಪ್ಪು ಸಾಬೀತಾದಾಗ ಹೊಡೆದುಹಾಕಬಹುದು, ಮತ್ತು ಹಾಗೆ ಹೊಡೆದುಹಾಕಲು ಸಾಧ್ಯವಿರುವುದೇ ಆ ಪುಸ್ತಕದ ಶಕ್ತಿ. ಸಾಗರದ ಮನೆಯೊಂದರಲ್ಲಿ ಅಜ್ಜನ ಮೇಲೆ ಕೈಮಾಡಿದ ಕಾರಣಕ್ಕೆ ಹೊರಹಾಕಲ್ಪಟ್ಟ ವ್ಯಕ್ತಿ ಮುಂದಿನ ತಿಂಗಳು ಭದ್ರಾವತಿಯ ಇನ್ನೊಂದು ಮನೆಗೆ, ಬೇರೆ ಏಜೆನ್ಸಿಯ ಮೂಲಕ, ಅದೇ ಲ್ಯಾಮಿನೇಟ್ ಮಾಡಿದ ಕಾರ್ಡು ಹಿಡಿದು ಹೋದರೆ, ಆ ಮನೆಯವರಿಗೆ ಹಳೆಯದನ್ನು ತಿಳಿಸುವ ಯಾವ ಪುಸ್ತಕವೂ ನಮ್ಮಲ್ಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಶಿವಮೊಗ್ಗದ ಅಡಿಕೆ ಗೋದಾಮಿಗೆ ಕಾವಲುಗಾರನನ್ನು ಒದಗಿಸುವ ಏಜೆನ್ಸಿಯು 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪರವಾನಗಿ ಪಡೆದಿರಬೇಕು, ಕಾವಲುಗಾರನಿಗೆ ತರಬೇತಿ ಕೊಡಿಸಿರಬೇಕು, ಅವನ ಹಿನ್ನೆಲೆಯನ್ನು ಪರಿಶೀಲಿಸಿರಬೇಕು. ಹಾಸಿಗೆ ಹಿಡಿದ ತಾಯಿಯ ಬಳಿಗೆ ವ್ಯಕ್ತಿಯನ್ನು ಕಳುಹಿಸುವ ಏಜೆನ್ಸಿಗೆ ಅಂತಹ ಪ್ರತ್ಯೇಕ ಕೇಂದ್ರ ಕಾಯ್ದೆಯಿಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯನ್ನು ತಿದ್ದಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿ, ಹಿರಿಯರ ಆರೈಕೆ ಕೇಂದ್ರಗಳೂ ಮನೆಗೆ ಬಂದು ಆರೈಕೆ ಮಾಡುವ ಏಜೆನ್ಸಿಗಳೂ ನೋಂದಾಯಿಸಿಕೊಳ್ಳಬೇಕೆಂಬ ಪ್ರಸ್ತಾವವಿತ್ತು. ಆ ಮಸೂದೆ ಕಾಯ್ದೆಯಾಗಲಿಲ್ಲ.

ಹಾಗಾಗಿ ಸದ್ಯಕ್ಕೆ ಪರಿಶೀಲನೆಯ ಹೊಣೆ ಮನೆಯವರದೇ. ಅವರು ನರ್ಸ್ ಎಂದು ಏಜೆನ್ಸಿ ಹೇಳುತ್ತಿದ್ದರೆ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿ, ಪರಿಷತ್ತಿನಲ್ಲಿ ತಾಳೆ ನೋಡಿ. ಸಂಖ್ಯೆ ಇಲ್ಲದಿದ್ದರೆ ಅವರನ್ನು ಆರೈಕೆ ಸಹಾಯಕಿ ಎಂದೇ ತಿಳಿದು, ದರವನ್ನೂ ಕೆಲಸವನ್ನೂ ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಿ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಇನ್ಸುಲಿನ್ ವಿಷಯದಲ್ಲಿ ಗಾಬರಿ ಬೇಡ. ವೈದ್ಯರು ಕಲಿಸಿಕೊಟ್ಟರೆ ಮನೆಮಂದಿಯೇ ಕೊಡುವ ಚುಚ್ಚುಮದ್ದು ಅದು. ಆದರೆ ಎಷ್ಟು ಯೂನಿಟ್, ಊಟಕ್ಕೆ ಎಷ್ಟು ಮೊದಲು, ಅಮ್ಮ ಊಟ ಬಿಟ್ಟ ದಿನ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಆಷಾಢದ ಮಳೆಯಲ್ಲಿ ಫೋನಿನ ಸಿಗ್ನಲ್ ಹೋದಾಗ ಆ ಚೀಟಿಯೇ ಗತಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇವೆ. ನಿಮ್ಮ ಒಂಟಿ ಮನೆಯಲ್ಲಿ ಆ ಹೆಣ್ಣುಮಗಳೂ ಒಂಟಿಯೇ. ಏಜೆನ್ಸಿಗೆ ನೀವು ಕಟ್ಟುವ ಹಣದಲ್ಲಿ ಅವರ ಕೈಸೇರುವುದೆಷ್ಟು ಎಂದು ನೇರವಾಗಿ ವಿಚಾರಿಸಿ. ವಾರಕ್ಕೊಂದು ದಿನವಾದರೂ ಬಿಡುವು ಕೊಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ವಾಸದ ಮನೆಯೂ ‘ಕೆಲಸದ ಸ್ಥಳ’ವೇ ಆಗಿದ್ದು, ಅವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂಬುದು ಅವರಿಗೂ ನಿಮಗೂ ಗೊತ್ತಿರಲಿ.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಬೇಬಿ ಸಿಟ್ಟಿಂಗ್ ಆರಂಭಿಸಬೇಕೆಂದಿದ್ದೇನೆ. ಹತ್ತು ಹನ್ನೆರಡು ಮಕ್ಕಳು, ಬೆಳಿಗ್ಗೆಯಿಂದ ಸಂಜೆಯವರೆಗೆ. ನಾನು ಮತ್ತು ಸಹಾಯಕ್ಕೆ ಇಬ್ಬರು ಇರುತ್ತೇವೆ. ನಾವು ಎಲ್ಲಿ ನೋಂದಾಯಿಸಿಕೊಳ್ಳಬೇಕು?

ಉತ್ತರ: ವ್ಯಕ್ತಿಗಳಾಗಿ ಎಲ್ಲಿಯೂ ಇಲ್ಲ. ಮಕ್ಕಳನ್ನು ನೋಡಿಕೊಳ್ಳುವವರ ವೃತ್ತಿಪರ ನೋಂದಣಿ ಎಂಬುದೇ ನಮ್ಮಲ್ಲಿಲ್ಲ. ವ್ಯವಹಾರಕ್ಕಾಗಿ ಪಟ್ಟಣ ಪಂಚಾಯಿತಿಯ ಉದ್ದಿಮೆ ಪರವಾನಗಿ ಪಡೆಯಿರಿ. ಜೊತೆಗೆ ಎಲ್.ಕೆ.ಜಿ. ಪಾಠವನ್ನೂ ಹೇಳಿಕೊಡುವ ಯೋಚನೆಯಿದ್ದರೆ ಬಿ.ಇ.ಒ. ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಬಾಲನ್ಯಾಯ ಕಾಯ್ದೆ, 2015ರ 41ನೇ ಕಲಂ ಪ್ರಕಾರ ಆಗುವ ನೋಂದಣಿ ನಿಮಗೆ ಅನ್ವಯಿಸುವುದಿಲ್ಲ. ಅದು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಆದರೆ ‘ತಂದೆ ತಾಯಿ ಯಾರೂ ಇಲ್ಲದ ಮಗು, ಒಂದಷ್ಟು ದಿನ ನಿಮ್ಮಲ್ಲೇ ಇರಲಿ’ ಎಂದು ಯಾರಾದರೂ ತಂದು ಬಿಟ್ಟರೆ ಕನಿಕರದಿಂದ ಇಟ್ಟುಕೊಳ್ಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವ ವ್ಯವಸ್ಥೆಯಾಗಬೇಕು. ನೋಂದಣಿಯಿಲ್ಲದೆ ಅಂತಹ ಸಂಸ್ಥೆ ನಡೆಸುವವರಿಗೆ 42ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು.

ನಿಮಗೆ ಖಂಡಿತವಾಗಿ ಅನ್ವಯಿಸುವುದು ಪೋಕ್ಸೊ ನಿಯಮಗಳು, 2020. ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಮೊದಲಾಗಿ ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಎಂದು ಅವು ಹೇಳುತ್ತವೆ. ‘ಸಿಬ್ಬಂದಿ’ ಎಂದರೆ ಅಡುಗೆಯವರೂ ಸೇರಿದರು, ಮಕ್ಕಳನ್ನು ಕರೆತರುವ ಆಟೋದವರೂ ಸೇರಿದರು ಎಂದೇ ತಿಳಿಯುವುದು ಕ್ಷೇಮ. ಇನ್ನು ಯಾವ ಪರವಾನಗಿಯೂ ನಿಮ್ಮ ಹಿತ್ತಿಲನ್ನು ಬಂದು ನೋಡುವುದಿಲ್ಲ. ಕಟ್ಟೆಯಿಲ್ಲದ ಬಾವಿ, ಮಳೆಗಾಲದಲ್ಲಿ ಅಂಗಳದ ಪಾಚಿ, ಬೇಲಿಯಾಚೆಯ ಹಳ್ಳ, ಕಟ್ಟಿಗೆ ರಾಶಿಯಲ್ಲಿ ಸೇರಿಕೊಳ್ಳುವ ಹಾವು, ಇವುಗಳ ವ್ಯವಸ್ಥೆ ಮುಗಿಸಿದ ಮೇಲೆಯೇ ಮೊದಲ ಮಗುವನ್ನು ಸೇರಿಸಿಕೊಳ್ಳಿ.

ಪ್ರಶ್ನೆ: ಶಿಕಾರಿಪುರ ತಾಲ್ಲೂಕಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಂಗನವಾಡಿ ಕಾರ್ಯಕರ್ತೆಯಾಗಿದ್ದೇನೆ. ನಾವು ಸರ್ಕಾರಿ ನೌಕರರೂ ಅಲ್ಲ, ನೋಂದಾಯಿತ ವೃತ್ತಿಯವರೂ ಅಲ್ಲ ಎಂದರೆ ಮತ್ತೇನು?

ಉತ್ತರ: ನಿಮ್ಮ ಪ್ರಶ್ನೆಯನ್ನು ನ್ಯಾಯಾಲಯಗಳೂ ಎದುರಿಸಿವೆ. ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದಿತು. ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2022ರ ಏಪ್ರಿಲ್ 25ರಂದು, ಆಗ ಜಾರಿಯಲ್ಲಿದ್ದ 1972ರ ಉಪದಾನ ಕಾಯ್ದೆ ನಿಮಗೆ ಅನ್ವಯಿಸುತ್ತದೆ, ಅಂದರೆ ಗ್ರಾಚ್ಯುಟಿಗೆ ನೀವು ಅರ್ಹರು ಎಂದಿತು. ಹುದ್ದೆ ಎನ್ನಲು ಒಪ್ಪದ ಕೆಲಸವನ್ನು ಉದ್ಯೋಗ ಎಂದು ಒಪ್ಪಿದಂತಾಯಿತು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐ.ಸಿ.ಡಿ.ಎಸ್. ಯೋಜನೆ ಆರಂಭವಾದಾಗ ಇದನ್ನು ಊರಿನ ಮಹಿಳೆಯ ಗೌರವಧನದ ಸೇವೆ ಎಂದು ಕಲ್ಪಿಸಲಾಗಿತ್ತು. ಅರ್ಧ ಶತಮಾನದ ನಂತರ ಕೆಲಸ ಹತ್ತು ಪಟ್ಟು ಬೆಳೆದು, ಮೊಬೈಲಿನಲ್ಲಿ ತೂಕ ಎತ್ತರ ದಾಖಲಿಸುವವರೆಗೆ ಬಂದಿದ್ದರೂ ‘ಗೌರವಧನ’ ಎಂಬ ಪದ ಹಾಗೆಯೇ ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ಮಕ್ಕಳ ಆರೈಕೆಗೆ ವೃತ್ತಿ ನೋಂದಣಿಯೊಂದು ಎಂದಾದರೂ ಬಂದರೆ, ಅದರ ಮೊದಲ ಪುಟಗಳಲ್ಲಿ ಇರಬೇಕಾದವು ನಿಮ್ಮಂತಹವರ ಹೆಸರುಗಳೇ. ಸದ್ಯಕ್ಕೆ ನೇಮಕಾತಿ ಆದೇಶ, ತರಬೇತಿಯ ಪ್ರಮಾಣಪತ್ರ ಮತ್ತು ಗೌರವಧನ ಜಮೆಯಾದ ಪಾಸ್‌ಬುಕ್ಕುಗಳನ್ನು ಒಂದು ಕಡೆ ಜೋಡಿಸಿಡಿ. ಸೇವಾವಧಿ ಲೆಕ್ಕ ಹಾಕುವಾಗ ಅವು ಬೇಕಾಗುತ್ತವೆ.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿ ವೃದ್ಧರ ಆರೈಕೆಯ ಕೆಲಸ ಕೊಡಿಸುವುದಾಗಿ ಹೇಳುವ ಏಜೆಂಟರೊಬ್ಬರು, ಅಲ್ಲಿನ ‘ಕೌನ್ಸಿಲ್ ರಿಜಿಸ್ಟ್ರೇಷನ್’ ಮಾಡಿಸಲು ನನ್ನ ಮಗಳಿಂದ ಎರಡು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ? (ಸಾಗರದಿಂದ)

ಉತ್ತರ: ಕೊಡಬೇಡಿ. ಅಲ್ಲಿ ಅಂತಹ ಪರಿಷತ್ತು ಇರುವುದು ನಿಜ, ಅದಕ್ಕೇ ಮಾತು ನಂಬುವಂತೆ ಕೇಳಿಸುತ್ತದೆ. 2001ರ ಕಾಯ್ದೆಯೊಂದರಿಂದ ಸ್ಥಾಪಿತವಾದ ಸ್ಕಾಟಿಷ್ ಸೋಷಿಯಲ್ ಸರ್ವಿಸಸ್ ಕೌನ್ಸಿಲ್, ವೃದ್ಧಾಶ್ರಮದ ಆರೈಕೆದಾರರಿಂದ ಹಿಡಿದು ಶಿಶುಪಾಲನಾ ಕೇಂದ್ರದ ಸಿಬ್ಬಂದಿಯವರೆಗೆ ಒಬ್ಬೊಬ್ಬರ ಹೆಸರನ್ನೂ ನೋಂದಾಯಿಸಿಕೊಳ್ಳುತ್ತದೆ, ತಪ್ಪು ಮಾಡಿದವರ ಹೆಸರನ್ನು ತೆಗೆದೂ ಹಾಕುತ್ತದೆ, ಮತ್ತು ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಪಕ್ಕದ ಇಂಗ್ಲೆಂಡಿನಲ್ಲಿ ಆರೈಕೆ ಸಹಾಯಕರಿಗೆ ಇಂತಹ ಕಡ್ಡಾಯ ನೋಂದಣಿಯಿಲ್ಲ, ಅಲ್ಲಿ ಸಮಾಜಕಾರ್ಯ ವೃತ್ತಿಯಂತಹವುಗಳಿಗೆ ಮಾತ್ರ ಅದು ಕಡ್ಡಾಯ. ಸ್ಕಾಟ್ಲೆಂಡಿನಲ್ಲಿ ಆರೈಕೆಯ ಕೆಲಸದವರು ನೋಂದಣಿಗೆ ಅರ್ಜಿ ಹಾಕುವುದು ಕೆಲಸಕ್ಕೆ ಸೇರಿದ ಮೇಲೆ, ಮೂರು ತಿಂಗಳೊಳಗೆ, ಉದ್ಯೋಗದಾತರ ದೃಢೀಕರಣದೊಂದಿಗೆ. ಇನ್ನೂ ಸಾಗರದಲ್ಲೇ ಇರುವ ನಿಮ್ಮ ಮಗಳಿಗೆ ಅದನ್ನು ಮೊದಲೇ ‘ಮಾಡಿಸಿಕೊಡುವ’ ಮಾತೇ ಹೊಂದುವುದಿಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆಯಿದೆ. ಆರೈಕೆ ಕೆಲಸಗಾರರನ್ನು ಹೊರದೇಶಗಳಿಂದ ಹೊಸದಾಗಿ ಕರೆಸಿಕೊಳ್ಳುವ ವೀಸಾ ಮಾರ್ಗವನ್ನು ಬ್ರಿಟನ್ 2025ರ ಜುಲೈ 22ರಿಂದ ಮುಚ್ಚಿದೆ. ಈ ವಿಷಯವನ್ನು ಏಜೆಂಟರು ನಿಮಗೆ ತಿಳಿಸಿದ್ದಾರೆಯೇ ಎಂದು ಕೇಳಿ ನೋಡಿ. ನಮ್ಮ 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಜನರನ್ನು ನೇಮಿಸುವ ಏಜೆಂಟರು ನೋಂದಾಯಿತರಾಗಿರಬೇಕು. ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ, ಮತ್ತು ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ ಜಿ.ಎಸ್.ಟಿ. ಬಿಟ್ಟು 30,000 ರೂಪಾಯಿ. ಮುಂಗಡವಾಗಿ ಏನನ್ನಾದರೂ ಈಗಾಗಲೇ ಕೊಟ್ಟಿದ್ದರೆ ರಸೀದಿ, ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕ್ ವಿವರಗಳೊಂದಿಗೆ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ವಲಸಿಗರ ಸಂರಕ್ಷಣಾಧಿಕಾರಿಗಳ ಬೆಂಗಳೂರು ಕಚೇರಿಗೂ ಕಳುಹಿಸಿ.