ಹಗ್ಗ ಎಳೆದವನಿಗೆ ಬೈಗುಳವೋ, ಥ್ಯಾಂಕ್ಸೋ?

ಪೀಣ್ಯದಲ್ಲಿ 40 ಜನರ ಮೆಷಿನ್ ಶಾಪ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಸಂಬಳ ಒಂದು ದಿನವೂ ತಡ ಮಾಡಿಲ್ಲ. ಮಧ್ಯಾಹ್ನದ ಊಟ ನಮ್ಮದೇ. ಆಯುಧಪೂಜೆಗೆ ಬೋನಸ್, ಬಟ್ಟೆ. ಪೀಸ್ ಕೆಟ್ಟರೆ ಸೂಪರ್‌ವೈಸರ್ ಎಲ್ಲರೆದುರು ನಾಲ್ಕು ಮಾತು ಬೈತಾರೆ, ಶಿಸ್ತು ಬೇಕಲ್ವಾ? ಆದರೂ ಹುಡುಗರು ಆರು ತಿಂಗಳಿಗೇ ಬಿಟ್ಟು ಹೋಗುತ್ತಾರೆ. ಈಗಿನವರಿಗೆ ನಿಯತ್ತೇ ಇಲ್ಲವೇ?"

ಸಂಪಾದಕರ ಉತ್ತರ:

ಆತ್ಮೀಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊಟ, ಬೋನಸ್ಸು ಸಣ್ಣ ವಿಷಯವಲ್ಲ. ಹೊತ್ತಿಗೆ ಸರಿಯಾಗಿ ಸಂಬಳವೇ ಸಿಗದ ಜಾಗಗಳು ಎಷ್ಟಿಲ್ಲ! ಆದರೆ 'ಎಲ್ಲರೆದುರು' ಅಂದಿರಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ ಇತ್ತು. ದಿನಾ ಕೆಲಸಕ್ಕೆ ಚಕ್ಕರ್ ಹೊಡೆಯುವವರು ಜಾಸ್ತಿ, ಶಿಫ್ಟಿನಲ್ಲೇ ಕುಡಿತ. ಕಾರು ಜೋಡಿಸುವ ಲೈನ್ ನಿಲ್ಲಿಸುವುದು ಅಲ್ಲಿ ಮಹಾಪರಾಧ, ಹಾಗಾಗಿ ತಪ್ಪು ಜೋಡಿಸಿದ ಕಾರೂ ಹಾಗೇ ಮುಂದೆ ಹೋಗುತ್ತಿತ್ತು. 1982ರಲ್ಲಿ ಬಾಗಿಲು ಹಾಕಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಕರೆಸಿಕೊಂಡದ್ದು ಬಹುಪಾಲು ಹಳೇ ಕೆಲಸಗಾರರನ್ನೇ. ಯೂನಿಯನ್ನೂ ಅದೇ. ಹೊಸದಾಗಿ ಬಂದದ್ದು ಲೈನಿನ ಉದ್ದಕ್ಕೂ ಒಂದು ಹಗ್ಗ. ಏನಾದರೂ ತೊಂದರೆ ಕಂಡರೆ ಯಾರು ಬೇಕಾದರೂ ಎಳೆಯಬಹುದು. ಎಳೆದ ತಕ್ಷಣ ಟೀಮ್ ಲೀಡರ್ ಓಡಿ ಬಂದು ಕೈಜೋಡಿಸುತ್ತಿದ್ದ. ಆಗಲೂ ಸರಿಹೋಗದಿದ್ದರೆ ಲೈನೇ ನಿಲ್ಲುತ್ತಿತ್ತು. ಸುಲಭಕ್ಕೆ ಕೆಲಸದಿಂದ ತೆಗೆಯುವುದಿಲ್ಲ ಎಂಬ ಭರವಸೆಯೂ ಇತ್ತು ಅನ್ನಿ. ಸ್ವಲ್ಪ ಕಾಲದಲ್ಲೇ ಚಕ್ಕರ್ ತೀರಾ ಇಳಿಯಿತು, ಕಾರುಗಳೂ ಸುಧಾರಿಸಿದವು.

ನನ್ನ ಮೊದಲ ಕೆಲಸ ಒಂದು ಪ್ರೆಸ್ಸಿನಲ್ಲಿ, ಪ್ರೂಫ್ ನೋಡುವುದು. ಒಂದು ರಾತ್ರಿ ಮೆಷಿನ್ ಓಡುತ್ತಿರುವಾಗ ಶೀರ್ಷಿಕೆಯಲ್ಲಿ ಒತ್ತಕ್ಷರ ಬಿಟ್ಟುಹೋಗಿದ್ದು ಕಂಡಿತು. ಓಡಿಹೋಗಿ ಹೇಳಿದೆ. "ಇಷ್ಟು ಹೊತ್ತು ಕಣ್ಣು ಎಲ್ಲಿಟ್ಟಿದ್ದೆ?" ಅಂತ ಎಲ್ಲರ ಮುಂದೆ ಕೂಗಾಡಿದರು. ಮುಂದಿನ ತಿಂಗಳು ಇನ್ನೊಂದು ತಪ್ಪು ಕಂಡಿತು. ಸುಮ್ನೆ ಇದ್ದುಬಿಟ್ಟೆ. ಪ್ರತಿಗಳೆಲ್ಲ ಹಾಗೇ ಹೋದವು. ಇವತ್ತಿಗೂ ಆ ಪುಟ ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ವರ್ಷ ತುಂಬುವ ಮೊದಲೇ ಆ ಕೆಲಸ ಬಿಟ್ಟೆ. ಹೊಸ ಕಡೆ ಸಂಬಳ ಕಮ್ಮಿಯೇ ಇತ್ತು.

ನಿಮ್ಮಲ್ಲಿ ಎಷ್ಟು ಹುಡುಗರು ಹೀಗೆ ಸುಮ್ಮನಿದ್ದಾರೋ! ಮುಂದಿನ ಸಲ ಪೀಸ್ ಕೆಟ್ಟಾಗ ನೀವೇ ಮೆಷಿನ್ ಹತ್ತಿರ ಹೋಗಿ ಕೇಳಿ: "ಏನಾಯ್ತಪ್ಪ? ಟೂಲ್ ಸವೆದಿತ್ತಾ? ಡ್ರಾಯಿಂಗ್ ಅರ್ಥ ಆಗಲಿಲ್ವಾ?" ಸೂಪರ್‌ವೈಸರಿಗೂ ಹೇಳಿ, ಆದರೆ ಅವರನ್ನೂ ಒಳಗೆ ಕರೆದು. ಬಿಟ್ಟುಹೋದವರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ, ಯಾಕೆ ಹೋದಿರಿ ಅಂತ ಕೇಳಿ. ಅವರು ಏನಂದರು ಎಂದು ನನಗೂ ಬರೆಯಿರಿ.